ಎಂಟು ಮುತ್ತಿನ ರಾಣಿ

"ಎಂಟು," ಎಂದಳು ರಮ್ಲಾ.

ತಾಹಿರನ ಮುಖ ಸಣ್ಣದಾಯಿತು. "ಸರಿಯಾಗಿ ನೋಡೇ. ನಮ್ಮ ತಾತ ಕೊಟ್ಟ ನಾಣ್ಯ ಅದು."

"ತಾತ ಕೊಟ್ರೂ ಎಂಟೇ, ರಾಜ ಕೊಟ್ರೂ ಎಂಟೇ." ರಮ್ಲಾ ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ. "ರಾಣಿ ಭುಜದ ಮೇಲೆ ಪದಕ ಇದ್ಯಲ್ಲ, ಅದರ ಸುತ್ತ ಒಂಬತ್ತು ಮುತ್ತಿರ್ಬೇಕು. ನಿಂದ್ರಲ್ಲಿ ಎಂಟೇ ಇರೋದು. ಡೂಪ್ಲಿಕೇಟು."

ಊಟದ ಬಿಡುವಿನಲ್ಲಿ ಶಾಲೆಯ ಕಟ್ಟೆಯ ಸುತ್ತ ಸೇರಿದ್ದ ಹತ್ತು ಹನ್ನೆರಡು ತಲೆಗಳು ಒಟ್ಟಿಗೆ "ಅಯ್ಯೋ" ಎಂದವು. ಆ "ಅಯ್ಯೋ" ಕೇಳಲು ರಮ್ಲಾಗೆ ಬಹಳ ಇಷ್ಟ. ಈ ತಿಂಗಳಲ್ಲಿ ಅವಳು ಆಗಲೇ ಮೂವರನ್ನು ಅಳಿಸಿದ್ದಳು.

ತಾಹಿರ ಅಳಲಿಲ್ಲ. ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. "ನಾಳೆ ನಮ್ಮಮ್ಮ, ದೊಡ್ಡಮ್ಮ ಎಲ್ಲ ನಿಮ್ಮನೇಗೇ ಬರ್ತಿದೀವಲ್ಲ, ನಿಮ್ಮ ಚಿಕ್ಕಮ್ಮಂಗೆ ಸರ ಹಾಕೋಕೆ. ಆಗ ನೋಡ್ಕೋತೀನಿ ನಿನ್ನ."

"ಬಾ ಬಾ. ಅದನ್ನೂ ತಗೊಂಡ್ ಬಾ. ಇನ್ನೊಂದ್ಸಲ ಎಂಟು ಅಂತೀನಿ."

ಇಥಿಯೋಪಿಯಾದ ಹರಾರ್ ಊರಿನಲ್ಲಿ ಆ ನಾಣ್ಯಕ್ಕೆ ರಾಣಿ ಬಿಲ್ಲೆ ಎನ್ನುತ್ತಾರೆ. ಯಾವುದೋ ದೇಶದ ದಪ್ಪ ರಾಣಿಯ ಮುಖ ಇರುವ ಬೆಳ್ಳಿ ಬಿಲ್ಲೆ. ಹಿಂದೆ ಅದನ್ನು ಕೊಟ್ಟರೆ ಹೇಸರಗತ್ತೆಯೇ ಬರುತ್ತಿತ್ತಂತೆ. ಈಗ ಅಜ್ಜಿಯರ ಕೊರಳಲ್ಲಿದೆ, ಪೆಟ್ಟಿಗೆಗಳ ತಳದಲ್ಲಿದೆ. ಪ್ರವಾಸಿಗಳಿಗೆ ಮಾರುವ ಅಂಗಡಿಗಳಲ್ಲಿ ಬುಟ್ಟಿಗಟ್ಟಲೆ ಇದೆ. ಬುಟ್ಟಿಯಲ್ಲಿರುವುದು ಡೂಪ್ಲಿಕೇಟು ಎಂದು ತಿಳಿಯಲು ಲೆನ್ಸೇ ಬೇಡ ಎನ್ನುತ್ತಿದ್ದರು ರಮ್ಲಾಳ ಅಪ್ಪ.

ಅಪ್ಪ ಬೆಳ್ಳಿ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷ. ಅಮ್ಮ ಮತ್ತು ರಮ್ಲಾ ಆಮೇಲೆ ಅಜ್ಜಿಯ ಮನೆಗೆ ಬಂದರು. ಬರುವಾಗ ರಮ್ಲಾ ತಂದದ್ದು ಅಪ್ಪನ ಆ ಲೆನ್ಸು, ಒಂದು ಬಿಸ್ಕತ್ತಿನ ಡಬ್ಬಿ, ಡಬ್ಬಿಯಲ್ಲಿ ನಾಲ್ಕು ಬಿಲ್ಲೆ. ನಾಲ್ಕೂ ಅಸಲಿ. ನಾಲ್ಕರ ಮೇಲೂ ಒಂದೇ ಇಸವಿ, 1780. ರಾಣಿ ತೀರಿಕೊಂಡ ವರ್ಷ ಅದು. ಆಮೇಲೂ ಅದೇ ಇಸವಿ ಹಾಕಿಯೇ ಅಚ್ಚು ಹೊಡೆಯುತ್ತಾ ಬಂದರಂತೆ.

"ಹಾಗಾದ್ರೆ ಅಸಲಿ ಬಿಲ್ಲೇನೂ ಸುಳ್ಳು ಹೇಳುತ್ತಾ ಅಪ್ಪ?" ಎಂದು ಅವಳು ಒಮ್ಮೆ ಕೇಳಿದ್ದಳು.

"ವಯಸ್ಸಿನ ವಿಷಯದಲ್ಲಿ ಮಾತ್ರ," ಎಂದಿದ್ದರು ಅಪ್ಪ.

ಮರುದಿನ ಮಧ್ಯಾಹ್ನ ಗಂಡಿನ ಕಡೆಯವರು ಬಂದರು. ಮೂರು ಬಜಾಜ್ ಆಟೋ ತುಂಬ ಹೆಂಗಸರು, ಮಡಿಲಲ್ಲಿ ಹಲ್ವಾ ಪೆಟ್ಟಿಗೆಗಳು. ಅಂಥದೇ ಒಂದು ಪೆಟ್ಟಿಗೆಯನ್ನು ಹೊತ್ತು ತಾಹಿರನೂ ಇಳಿದ.

ಮದುವೆ ರಮ್ಲಾಳ ಚಿಕ್ಕಮ್ಮ ಮುನೀರಾಳದ್ದು. ಅವಳು ಪಕ್ಕದ ಕೋಣೆಯಲ್ಲಿ ಪರದೆಯ ಹಿಂದೆ ಕುಳಿತಿದ್ದಳು. ಅಂಗೈ ಒಂದಕ್ಕೆ ಮಾತ್ರ ಮೆಹಂದಿ ಆಗಿತ್ತು, ಇನ್ನೊಂದು ಬಾಕಿ. ಬೆಳಗಿನಿಂದ ಏಳು ಸಲ "ಬಂದ್ರಾ?" ಎಂದು ಕೇಳಿದ್ದಳು.

ಗಂಡಿನ ತಾಯಿ ಕುಲ್ಸುಮಾ ದೊಡ್ಡ ಆಳು. ಹಜಾರದೊಳಗೆ ಮೆಟ್ಟಿಲು ಮೆಟ್ಟಿಲಾಗಿದ್ದ ಕೆಂಪು ಜಗಲಿಗಳಲ್ಲಿ ಮೇಲಿನದರ ಅರ್ಧವನ್ನು ಅವರೇ ತುಂಬಿದರು. ಉಳಿದರ್ಧದಲ್ಲಿ ಅವರ ತಂಗಿ, ಅಂದರೆ ತಾಹಿರನ ಅಮ್ಮ, ಕುಳಿತರು. ಕಾಫಿ ಬಂತು. ಬಿಸಿಲಿನ ಮಾತು, ಸಕ್ಕರೆ ಬೆಲೆಯ ಮಾತು ಮುಗಿಯಿತು. ಆಮೇಲೆ ಕುಲ್ಸುಮಾ ಬಟ್ಟೆಯ ಗಂಟು ಬಿಚ್ಚಿ ಸರ ತೆಗೆದರು. ಏಳು ರಾಣಿ ಬಿಲ್ಲೆಗಳ ಸರ. ಅವರ ಮನೆಯಲ್ಲಿ ಅತ್ತೆಯ ಕೊರಳಿಂದ ಸೊಸೆಯ ಕೊರಳಿಗೆ ಬರುತ್ತಿದ್ದ ಸರ.

ಈ ಓಣಿಯಲ್ಲಿ ಒಂದು ಪದ್ಧತಿ ಇದೆ. ಬಿಲ್ಲೆಗಳನ್ನು ಗಂಡಿನ ಕಡೆಯವರೇ ಗಟ್ಟಿಯಾಗಿ ಎಣಿಸಬೇಕು. ಹೆಣ್ಣಿನ ಕಡೆಯವರು ಎಣಿಸಬಾರದು, ಸುಮ್ಮನೆ "ತುಂಬಿದೆ" ಎನ್ನಬೇಕು. ಕುಲ್ಸುಮಾ ಏಳರವರೆಗೆ ಎಣಿಸಿದರು. ಅಜ್ಜಿ ಸರದ ಕಡೆ ನೋಡದೆಯೇ "ತುಂಬಿದೆ" ಎಂದರು. ಹೆಂಗಸರು ನಾಲಿಗೆ ಆಡಿಸಿ ಇಲಿಲಿಲಿ ಎಂದು ಕೂಗಿದರು. ಸರ ಕೈಯಿಂದ ಕೈಗೆ ಸಾಗಿತು.

ರಮ್ಲಾಳ ಕೈಗೆ ಬಂತು.

ನೋಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೋಡಬೇಡ ಎಂದೂ ಹೇಳಿರಲಿಲ್ಲ. ಅವಳು ಲೆನ್ಸು ತೆಗೆದಳು. ಮೊದಲನೆಯದು ಒಂಬತ್ತು. ಎರಡನೆಯದು ಒಂಬತ್ತು. ಮೂರನೆಯದು... ಮತ್ತೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಮೂರನೇದು ಡೂಪ್ಲಿಕೇಟು," ಎಂದಳು, ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೇಳುವ ದನಿಯಲ್ಲಿ. "ಎಂಟೇ ಮುತ್ತಿದೆ."

ಈ ಸಲ ಯಾರೂ "ಅಯ್ಯೋ" ಎನ್ನಲಿಲ್ಲ. ಕಾಫಿ ಬಟ್ಟಲುಗಳು ತುಟಿಯ ಹತ್ತಿರವೇ ನಿಂತವು.

"ಏನಂದೆ?" ತಾಹಿರನ ಅಮ್ಮ ಬಟ್ಟಲು ಕುಕ್ಕಿದರು. "ನಾಲ್ಕು ತಲೆಮಾರಿನ ಸರ ಇದು! ಖೋಟಾ ಬಿಲ್ಲೆ ಹಿಡ್ಕೊಂಡು ಹೆಣ್ಣಿಗೆ ಸರ ಹಾಕೋಕೆ ಬಂದಿದೀವಾ ನಾವು?"

"ಮಕ್ಕಳ ಮಾತು ಬೀಗಿತ್ತಿ, ಮನಸ್ಸಿಗೆ ಹಚ್ಕೋಬೇಡಿ," ಎಂದರು ಅಜ್ಜಿ.

"ಮಕ್ಕಳ ಮಾತಲ್ಲ. ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು ಕೂರಿಸಿದೀರಿ! ಇನ್ನು ತಕ್ಕಡಿ ಒಂದು ತಂದಿಡಿ, ನಮ್ಮನ್ನೂ ತೂಗಿ. ಅಕ್ಕಾ, ಗಂಟು ಕಟ್ಟು. ಹೊರಡೋಣ."

ಕುಲ್ಸುಮಾ ಏಳಲಿಲ್ಲ. ರಮ್ಲಾಳನ್ನೇ ನೋಡುತ್ತಿದ್ದರು. ಆದರೆ ಉಳಿದ ಹೆಂಗಸರು ಶಾಲು ಎಳೆದುಕೊಳ್ಳತೊಡಗಿದ್ದರು. ಪರದೆಯ ಅಂಚಿನಲ್ಲಿ ಮೆಹಂದಿಯ ಕೈಯೊಂದು ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದಿತ್ತು.

ರಮ್ಲಾಳ ಕಿವಿ ಬಿಸಿಯಾಯಿತು. ತಪ್ಪೇನು ಹೇಳಿದೆ? ಇರುವುದನ್ನೇ ಹೇಳಿದೆ. ಬೇಕಾದರೆ ಯಾರಾದರೂ ಎಣಿಸಲಿ.

"ರಮ್ಲಾ."

ಅಮ್ಮ. ಮೂಲೆಯಲ್ಲಿ ಕಾಫಿ ಪಾತ್ರೆಯ ಹತ್ತಿರ ಕುಳಿತಿದ್ದಳು. ಎರಡು ವರ್ಷದಿಂದ ಅಮ್ಮ ಜನರ ನಡುವೆ ಬಾಯಿ ತೆರೆಯುವುದೇ ಕಡಿಮೆ. ಹಾಗಾಗಿ ಎಲ್ಲರೂ ಆ ಕಡೆ ತಿರುಗಿದರು.

"ಇನ್ನೊಂದು ಸಲ ಎಣಿಸು," ಎಂದಳು ಅಮ್ಮ.

ಗದರಲಿಲ್ಲ. ಕಣ್ಸನ್ನೆಯನ್ನೂ ಮಾಡಲಿಲ್ಲ.

ರಮ್ಲಾ ಲೆನ್ಸು ಇಟ್ಟಳು. ಒಂದು, ಎರಡು, ಮೂರು. ಬಾಗಿಲ ಹತ್ತಿರ ತಾಹಿರ ಪೆಟ್ಟಿಗೆ ಕೆಳಗಿಟ್ಟು ಎದ್ದು ನಿಂತಿದ್ದ. ನಾಲ್ಕು, ಐದು. ಒಂಬತ್ತು ಎಂದರೆ, ರಮ್ಲಾ ತಪ್ಪು ಎಣಿಸಿದಳು ಎಂದು ನಾಳೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಗೆ ಗೊತ್ತಾಗುತ್ತದೆ. ಆರು, ಏಳು. ಎಂಟು ಎಂದರೆ ಆಟೋಗಳು ಹೊರಟುಹೋಗುತ್ತವೆ. ಎಂಟು. ಎಂಟರ ಪಕ್ಕದಲ್ಲಿ ಮೊದಲ ಮುತ್ತೇ ಇತ್ತು. ಲೆನ್ಸನ್ನು ಎಷ್ಟು ತಿರುಗಿಸಿದರೂ ಅದೇ ಇತ್ತು.

"ಒಂಬತ್ತು," ಎಂದಳು.

ಯಾರೋ ಉಸಿರು ಬಿಟ್ಟದ್ದು ಕೇಳಿಸಿತು.

"ಒಂದು ಮುತ್ತಿನ ಮೇಲೆ ಕೊಳೆ ಕೂತಿತ್ತು. ಕಾಣ್ಲಿಲ್ಲ."

"ಹಾಗೆ ಹೇಳು ಮತ್ತೆ!" ತಾಹಿರನ ಅಮ್ಮ ಮತ್ತೆ ಕುಳಿತರು. "ಮೊದಲು ಈ ಹುಡುಗೀಗೆ ಒಂದು ಕನ್ನಡಕ ಮಾಡ್ಸಿ." ಎಲ್ಲರೂ ನಕ್ಕರು. ಇಲಿಲಿಲಿ ಕೂಗು ಮೊದಲಿಗಿಂತ ಜೋರಾಗಿಯೇ ಎದ್ದಿತು. ಹುಟ್ಟಿದಂದಿನಿಂದ ರಮ್ಲಾ ಹೇಳಿದ ಯಾವ ನಿಜಕ್ಕೂ ಯಾರೂ ಹೀಗೆ ಸಂಭ್ರಮಪಟ್ಟಿರಲಿಲ್ಲ.

ತಾಹಿರ ಪಕ್ಕದಲ್ಲಿ ಬಂದು ನಿಂತ. "ಹಾಗಾದ್ರೆ ನಂದೂ ಒಂಬತ್ತೇ ಬಿಡು. ಕೊಳೆ ಕೂತಿರುತ್ತೆ."

ರಮ್ಲಾ ಲೆನ್ಸನ್ನು ಲಂಗದ ಜೇಬಿಗೆ ಇಳಿಸಿದಳು.

"ನಾಳೆ ಕ್ಲಾಸಲ್ಲಿ ಎಲ್ರಿಗೂ ಹೇಳ್ತೀನಿ," ಎಂದು ಅವನು ಹಲ್ವಾದ ಕಡೆ ಹೋದ.

ಮುನೀರಾಳನ್ನು ಕರೆತಂದರು. ಕುಲ್ಸುಮಾ ಸರ ತೊಡಿಸಿ, ಹಣೆಗೆ ಮುತ್ತಿಟ್ಟು, ಏದುಸಿರು ಬಿಡುತ್ತಾ ಜಗಲಿಗೆ ಮರಳಿದರು. ಆಮೇಲೆ ಬೆರಳು ಬಾಗಿಸಿ ರಮ್ಲಾಳನ್ನು ಕರೆದರು. ಬೈಗುಳ ಬರುತ್ತದೆ ಎಂದುಕೊಂಡೇ ಅವಳು ಹತ್ತಿರ ಹೋದಳು. ಅವರು ಅವಳ ಅಂಗೈಗೆ ಹಲ್ವಾದ ದೊಡ್ಡ ತುಂಡೊಂದನ್ನು ಒತ್ತಿದರು.

"ಎಂಟು, ಅಲ್ವಾ?" ಎಂದರು ಕಿವಿಯ ಹತ್ತಿರ.

ರಮ್ಲಾ ಬೆಚ್ಚಿದಳು.

"ನಾನೂ ಎಣಿಸಿದ್ದೆ ಕಣೇ. ಇದೇ ಮೂರನೇದು. ನನ್ನ ಮದುವೆ ದಿನ, ಉಗುರಲ್ಲಿ ಮುಟ್ಟಿ ಮುಟ್ಟಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮದುವೆ ನಿಲ್ತಿತ್ತು. ಇವತ್ತು ನಿಮಗೆ ಗಂಡು ಎಲ್ಲಿಂದ ಬರ್ತಿದ್ದ?" ಕುಲ್ಸುಮಾರ ಹೊಟ್ಟೆ ಸದ್ದಿಲ್ಲದೆ ನಕ್ಕಿತು.

"ನಿಮ್ಮತ್ತೆಗೆ ಗೊತ್ತಿತ್ತಾ?"

"ಅವರ ಕೊರಳಿಗೆ ಅವರತ್ತೆ ಹಾಕಿದ್ದಲ್ವಾ? ಎಣಿಸದೆ ಇರೋ ಮದುಮಗಳು ಯಾರಿದಾರೆ? ತಿನ್ನು, ತಿನ್ನು."

ರಮ್ಲಾ ಜಗಲಿಗಳ ಮೇಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು. ಅಜ್ಜಿ ಇನ್ನೊಬ್ಬ ಅಜ್ಜಿಗೆ ಕಾಫಿ ಸುರಿಯುತ್ತಿದ್ದರು. ಅವರ ಕೊರಳಲ್ಲೂ ಬಿಲ್ಲೆಗಳಿದ್ದವು. ಇವರ ಕೊರಳಲ್ಲೂ ಇದ್ದವು. ಅಮ್ಮ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಿದ್ದಳು.

ಆ ಗದ್ದಲದ ನಡುವೆ ಮುನೀರಾ ತಲೆ ತಗ್ಗಿಸಿ ಕುಳಿತಿದ್ದಳು. ನಾಚಿಕೆ ಎಂದುಕೊಂಡಿದ್ದರು ಎಲ್ಲರೂ. ರಮ್ಲಾ ನಿಂತಲ್ಲಿಂದ ಮಾತ್ರ ಅವಳ ಹೆಬ್ಬೆರಳಿನ ಉಗುರು ಕಾಣುತ್ತಿತ್ತು. ಅದು ಮೂರನೇ ಬಿಲ್ಲೆಯ ಮೇಲೆ ಮೆಲ್ಲಗೆ ಚಲಿಸುತ್ತಿತ್ತು. ಅದರ ಜೊತೆಗೆ ತುಟಿಗಳೂ. ಐದು. ಆರು. ಏಳು. ಎಂಟು.

ತುಟಿಗಳು ನಿಂತವು.

ಮುನೀರಾ ತಲೆ ಎತ್ತಿದಳು. ರಮ್ಲಾಳ ಕಣ್ಣು ಸಿಕ್ಕಿತು.

"ಬಾರೇ ಇಲ್ಲಿ," ಎಂದಳು ಮುನೀರಾ. "ಹಿಂದೆ ಕೊಂಡಿ ಸಡಿಲ ಆಗಿದೆ. ಗಟ್ಟಿಯಾಗಿ ಹಾಕು, ಬಿದ್ದೀತು."

ರಮ್ಲಾ ಲಂಗಕ್ಕೆ ಕೈ ಒರೆಸಿಕೊಂಡು ಅವಳ ಬೆನ್ನ ಹಿಂದೆ ಹೋಗಿ ನಿಂತಳು. ಒಂದು ಕೂದಲೂ ಸಿಕ್ಕಿಕೊಳ್ಳದ ಹಾಗೆ ಜಡೆಯನ್ನು ಎತ್ತಿ ಹಿಡಿದು, ಕೊಂಡಿ ಹಾಕಿದಳು.