ಮಂಗ್ಯಾನ ತಗ್ಗಿನ ಹಳದಿ ರಿಬ್ಬನ್

"ಲಗೂ ಬಿಚ್ಚು! ಯಾರರ ಬಂದ್ರ ಏನ್ ಹೇಳ್ತಿ?"

ರತ್ನದೀಪ ಕೆಳಗೆ ನಿಂತು ಅವಸರ ಮಾಡುತ್ತಿದ್ದ. ಲುಂಬಿನಿ ಸೀತಾಫಲದ ಗಿಡ ಹತ್ತಿ, ಕೊಂಬೆಗೆ ಕಟ್ಟಿದ್ದ ಹಳದಿ ರಿಬ್ಬನ್ನಿನ ಗಂಟನ್ನು ಹಲ್ಲಿನಿಂದ ಎಳೆಯುತ್ತಿದ್ದಳು. ಗಂಟು ಭಾರಿ ಬಿಗಿಯಾಗಿತ್ತು.

"ಹೇಳೂದೇನು? ನಮ್ಮ ಗುಡ್ಡ, ನಮ್ಮ ಗಿಡ" ಎಂದಳು. ಆದರೂ ಒಮ್ಮೆ ಹಿಂದೆ ತಿರುಗಿ ನೋಡಿಕೊಂಡಳು.

ಇಬ್ಬರೂ ಒಂದೇ ಓಣಿಯವರು, ಒಂದೇ ಐದನೇ ಕ್ಲಾಸು. ಅವರ ಊರು ಚಿಂಚೋಳಿ ಕಾಡಿನ ಅಂಚಿನಲ್ಲಿದೆ. ಊರಿನ ಹಿಂದಿರುವುದು ಫಲದ ಗುಡ್ಡ. ಮಳೆ ಮುಗಿದರೆ ಸಾಕು, ಗುಡ್ಡದ ತುಂಬ ಸೀತಾಫಲ. ಲುಂಬಿನಿಯ ಅವ್ವ ಲಾಲಮ್ಮ ಬುಟ್ಟಿ ತುಂಬ ಹಣ್ಣು ಕಿತ್ತು ಚಿಂಚೋಳಿ ಬಸ್‌ಸ್ಟ್ಯಾಂಡಿನ ಮುಂದೆ ಕೂತು ಮಾರುತ್ತಿದ್ದಳು.

ಅಂಥ ಗುಡ್ಡಕ್ಕೆ ನಿನ್ನೆ ಒಬ್ಬ ಮನುಷ್ಯ ಬಂದಿದ್ದ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕರಿ ಚಷ್ಮಾ, ದಪ್ಪ ಟೈರಿನ ಸೈಕಲ್. ಅಲ್ಲಲ್ಲಿ ನಿಲ್ಲುವುದು, ಮೊಬೈಲ್ ನೋಡುವುದು, ಗಿಡಕ್ಕೆ ರಿಬ್ಬನ್ ಕಟ್ಟುವುದು. ಲುಂಬಿನಿಗೆ ಅವನನ್ನು ಕಂಡ ಕೂಡಲೇ ಸರಿ ಅನಿಸಲಿಲ್ಲ.

"ಅಂಕಲ್, ಇಲ್ಲಿ ಏನ್ ಮಾಡ್ಲಿಕತ್ತೀರಿ?"

"ಗ್ರಾವೆಲ್ ಸಲುವಾಗಿ ಬಂದೀನಿ, ತಂಗಿ. ಈ ಗುಡ್ಡದಾಗ ಭಾಳ ಚಲೋ ಗ್ರಾವೆಲ್ ಅದ! ಐತಾರ ನಮ್ಮ ಮಂದಿ ಎಲ್ಲಾ ಬರ್ತಾರ" ಎಂದು ನಗುತ್ತ ಹೊರಟೇಹೋದ.

ಗ್ರಾವೆಲ್! ಆ ಮಾತು ಲುಂಬಿನಿಗೆ ಹೊಸದಲ್ಲ. ರಸ್ತೆಗೆ ಹಾಸುವ ಹರಳುಮಣ್ಣನ್ನು ಊರಿನವರು ಮುರುಮ್ ಅನ್ನುತ್ತಾರೆ, ಟಿಪ್ಪರಿನವರು ಗ್ರಾವೆಲ್ ಅನ್ನುತ್ತಾರೆ. ಫಲದ ಗುಡ್ಡದ ಪಕ್ಕದಲ್ಲಿ ಮೊದಲು ಮಂಗ್ಯಾನ ಗುಡ್ಡ ಅಂತ ಇನ್ನೊಂದಿತ್ತು. ಅಲ್ಲಿಗೂ ಹೀಗೆಯೇ ಯಾರೋ ಬಂದರು, ಗಿಡಗಳಿಗೆ ಕೆಂಪು ಬಟ್ಟೆ ಕಟ್ಟಿದರು, "ಚಲೋ ಗ್ರಾವೆಲ್" ಅಂದರು. ಹಿಂದಿನಿಂದ ಜೆಸಿಬಿ ಬಂತು. ಈಗ ಅಲ್ಲಿ ಗುಡ್ಡವೂ ಇಲ್ಲ, ಮಂಗಗಳೂ ಇಲ್ಲ; ಇರುವುದು ನೀರು ನಿಂತ ಆಳದ ಗುಂಡಿ. ಊರವರು ಅದನ್ನು ಮಂಗ್ಯಾನ ತಗ್ಗು ಅನ್ನುತ್ತಾರೆ.

ಸಂಜೆ ಅವ್ವನಿಗೆ ಹೇಳಿದಾಗ ಲಾಲಮ್ಮನ ರೊಟ್ಟಿ ಬಡಿಯುವ ಕೈ ನಿಂತಿತು.

"ಆಗೂ ಹಿಂಗೇ ನಕ್ಕೋತ ಬಂದಿದ್ರು" ಎಂದಳು ಅಷ್ಟೇ.

ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಲುಂಬಿನಿ ಊದುತ್ತ ಕೂಡುವ ಹುಡುಗಿಯಲ್ಲ. ಶನಿವಾರ ಸಾಲೆ ಬಿಟ್ಟಿದ್ದೇ ತಡ, ರತ್ನದೀಪನನ್ನು ಎಳೆದುಕೊಂಡು ಗುಡ್ಡ ಹತ್ತಿದಳು. ಗುರುತೇ ಇಲ್ಲದಿದ್ದರೆ ಜೆಸಿಬಿ ಎಲ್ಲಿಗೆ ಬರುತ್ತದೆ? ಸಂಜೆಯೊಳಗೆ ರಿಬ್ಬನ್ನೆಲ್ಲ ರತ್ನದೀಪನ ಸಾಲೆ ಚೀಲ ಸೇರಿದವು.

ಮರುದಿನ ಐತಾರ ಬೆಳಿಗ್ಗೆ ಇಬ್ಬರೂ ದಾರಿ ಎರಡಾಗುವಲ್ಲಿ ಪೊದೆಯ ಹಿಂದೆ ಕಾವಲು ಕೂತರು. ಬಲಕ್ಕೆ ಫಲದ ಗುಡ್ಡದ ಸಣ್ಣ ಕಾಲುದಾರಿ. ಎಡಕ್ಕೆ ಟಿಪ್ಪರುಗಳು ಓಡಾಡಿ ಅಗಲ ಮಾಡಿದ ದಾರಿ. ಅದು ಇಳಿಜಾರಿನಲ್ಲಿ ಹೋಗಿ ಮಂಗ್ಯಾನ ತಗ್ಗಿನ ಅಂಚಿಗೆ ಥಟ್ಟನೆ ಮುಗಿಯುತ್ತದೆ.

"ಬಂದ್ರು! ಸಪ್ಪಳ ಕೇಳಲಿಕತ್ತದ!" ಎಂದ ರತ್ನದೀಪ.

ಟಿಪ್ಪರಿನ ಸಪ್ಪಳವಲ್ಲ, ಸೈಕಲ್ ಚೈನಿನ ಕಟಕಟ. ಮೊದಲು ಬಂದವಳು ಒಬ್ಬ ಹುಡುಗಿ. ಏಳನೇ ಕ್ಲಾಸಿನವಳಿರಬೇಕು. ದಾರಿ ಎರಡಾಗುವಲ್ಲಿ ಕಾಲೂರಿ ಆ ಗಿಡ ಈ ಗಿಡ ನೋಡಿದಳು.

"ಅಂಕಲ್, ಇಲ್ಲಿ ರಿಬ್ಬನ್ನೇ ಇಲ್ಲ!" ಎಂದು ಹಿಂದಕ್ಕೆ ಕೂಗಿದಳು. ಉತ್ತರ ಬರಲಿಲ್ಲ. ಅಗಲವಾದ ದಾರಿಯೇ ಸರಿ ಅನಿಸಿತೇನೋ, ಎಡಕ್ಕೆ ತಿರುಗಿಸಿ ಇಳಿಜಾರಿಗೆ ಬಿಟ್ಟೇಬಿಟ್ಟಳು.

ಲುಂಬಿನಿ ಜೆಸಿಬಿ ಬರುತ್ತದೆಂದು ಕಾದಿದ್ದಳು. ಬಂದದ್ದು ಎರಡು ಜಡೆಯ ಹುಡುಗಿ. ಮರುಕ್ಷಣ ಪೊದೆಯಿಂದ ಹಾರಿ ಓಡಿದಳು.

"ಏ ಅಕ್ಕಾ! ನಿಲ್ಲು! ಮುಂದ ತಗ್ಗದ! ಅಕ್ಕಾ!"

ಬ್ರೇಕ್ ಕಿರ್ ಎಂದಿತು. ಸೈಕಲ್ ಜಾರಿತು, ಹುಡುಗಿ ಬಿದ್ದಳು. ಚಕ್ರಕ್ಕೆ ಸಿಕ್ಕಿದ ಹರಳುಗಳು ಉರುಳಿ ಅಂಚು ದಾಟಿದವು. ತುಸು ಹೊತ್ತಿನ ಮೇಲೆ ಕೆಳಗೆ ನೀರಿನಲ್ಲಿ ಗುಳುಂ ಗುಳುಂ ಎಂದು ಕೇಳಿಸಿತು.

ಬಿದ್ದವಳ ಮೊಣಕಾಲು ತರಚಿತ್ತು. ಅಳು ಬಂದದ್ದು ಲುಂಬಿನಿಗೆ.

ಅಷ್ಟರಲ್ಲಿ ಕರಿ ಚಷ್ಮಾದ ಮನುಷ್ಯ ಓಡಿ ಬಂದ, ಹಿಂದೆ ಉಳಿದ ಸೈಕಲ್ಲಿನವರೂ ಬಂದರು. ಅವನ ಹೆಸರು ಅಜಯಕುಮಾರ, ಕಲಬುರಗಿಯವನು.

"ಜಯಮಾಲಾ! ನಾ ಹಿಂದ ಪಂಕ್ಚರ್ ಹಾಕ್ಲಿಕತ್ತಿದ್ದೆ. ರಿಬ್ಬನ್ ನೋಡಲಿಲ್ಲೇನವ್ವ?"

"ಒಂದೂ ಇರ್ಲಿಲ್ಲ ಅಂಕಲ್."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರತ್ನದೀಪ ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಲುಂಬಿನಿ ಮಾತ್ರ ಕಣ್ಣು ಒರೆಸಿಕೊಂಡು ನೇರವಾಗಿ ಕೇಳಿದಳು:

"ನಿಮ್ಮ ಜೆಸಿಬಿ ಎಲ್ಲದ?"

"ಯಾವ ಜೆಸಿಬಿ?"

"ಗ್ರಾವೆಲ್ ಒಯ್ಯಲಿಕ್ಕ."

ಅಜಯಕುಮಾರನಿಗೆ ನಗು ತಡೆಯಲಾಗಲಿಲ್ಲ. "ಏ ತಂಗಿ, ಮುರುಮ್ ದಾರಿ ಮ್ಯಾಲ ಸೈಕಲ್ ಹೊಡಿಯೂದಕ್ಕ ಗ್ರಾವೆಲ್ ರೈಡ್ ಅಂತಾರ. ನಾವು ಒಯ್ಯೋದೇನಿಲ್ಲ!"

"ಸುಳ್ಳ" ಎಂದು ರತ್ನದೀಪ ಪಿಸುಗುಟ್ಟಿದ. "ಡಾಂಬರ್ ರೋಡ್ ಬಿಟ್ಟು ಮುರುಮಿಗಿ ಯಾರ್ ಬರ್ತಾರ? ಡಾಂಬರ್ ಬೇಕಂತ ಆಫೀಸಿಗಿ ಅಡ್ಡಾಡಿ ನಮ್ಮಪ್ಪನ ಚಪ್ಪಲಿ ಸವದು ಹ್ವಾದ್ವು."

ಲುಂಬಿನಿಗೂ ನಂಬಿಕೆ ಬರಲಿಲ್ಲ. ತಗ್ಗಿನ ಕಡೆ ಕೈ ತೋರಿಸಿದಳು. "ಇದೂ ಗುಡ್ಡ ಇತ್ರೀ. ಇಲ್ಲೂ ಮೊದಲ ಗಿಡಕ್ಕ ಬಟ್ಟಿ ಕಟ್ಟಿದ್ರು. ಗ್ರಾವೆಲ್ ಚಲೋ ಅದ ಅಂದಿದ್ರು."

ಅಜಯಕುಮಾರ ತಗ್ಗನ್ನು ನೋಡಿದ. ಅವನ ನಗು ನಿಂತಿತು. ಚಷ್ಮಾ ತೆಗೆದು ಜೇಬಿಗೆ ಹಾಕಿದ.

"ನಾ ಅವತ್ತೇ ನಿಂಗ ಬಿಡಿಸಿ ಹೇಳಬೇಕಿತ್ತು" ಎಂದ. "ಕಾಡಿನ ಆಫೀಸಿನ್ಯಾಗ ಕೇಳೇ ಬಂದೀವಿ. ರಿಬ್ಬನ್ ದಾರಿ ಗುರ್ತಿಗಷ್ಟೇ ಕಟ್ಟಿದ್ದು, ಸಂಜಿಗಿ ಎಲ್ಲಾ ನಾವೇ ಬಿಚ್ಚಿಕೊಂಡು ಹೋಗೋರಿದ್ದೆವು."

ಲುಂಬಿನಿ ರತ್ನದೀಪನ ಚೀಲ ಎಳೆದು ಬೋರಲು ಹಾಕಿದಳು. ಹಳದಿ ರಿಬ್ಬನ್ನುಗಳ ಗುಡ್ಡೆಯೇ ಬಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ. ತಾನೇ ಒಂದೊಂದಾಗಿ ಎತ್ತಿಕೊಂಡು ಕಟ್ಟತೊಡಗಿದಳು. ಮೊದಲನೆಯದನ್ನು ಕಟ್ಟಿದ್ದು ತಗ್ಗಿನ ಅಂಚಿನ ಬಾರಿಹಣ್ಣಿನ ಗಿಡಕ್ಕೆ, ದಾರಿಗೆ ಅಡ್ಡಲಾಗಿ, ಮುಂದೆ ಯಾರೂ ಹೋಗದಂತೆ.

ಸಂಜೆ ಸೈಕಲ್ಲುಗಳು ಮರಳಿ ಬಂದವು. ರತ್ನದೀಪ ಎಲ್ಲರ ಬ್ಯಾಗುಗಳಲ್ಲಿ ಹಣಕಿ ನೋಡಿದ. ಬಾಳೆಹಣ್ಣಿನ ಸಿಪ್ಪೆ, ಖಾಲಿ ಬಾಟಲಿ, ಲಾಲಮ್ಮನ ಹತ್ತಿರ ಕೊಂಡ ಸೀತಾಫಲ. ಮುರುಮ್ ಮಾತ್ರ ಒಂದು ಮುಷ್ಟಿಯೂ ಇರಲಿಲ್ಲ.

ಲುಂಬಿನಿ, ಜಯಮಾಲಾ ಇಬ್ಬರೂ ರಿಬ್ಬನ್ ಬಿಚ್ಚುತ್ತ ಬಂದರು. ಜಯಮಾಲಾಳ ಮೊಣಕಾಲಿಗೆ ಪಟ್ಟಿ. ಕಡೆಗೆ ತಗ್ಗಿನ ಅಂಚಿನದೊಂದು ಉಳಿಯಿತು. ಜಯಮಾಲಾ ಕೈ ಚಾಚಿದಳು.

"ಅದು ಇರ್ಲಿ ಅಕ್ಕ" ಎಂದಳು ಲುಂಬಿನಿ.

"ನಾಳಿ ನಾವು ಬರಂಗಿಲ್ಲಲ್ಲ?"

"ಯಾರರ ಬರ್ತಾರ."

ಹಾಗೆಂದು ಅವಳು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು. ಹಲ್ಲಿನಿಂದ ಎಳೆದರೂ ಬಿಚ್ಚದಷ್ಟು ಬಿಗಿಯಾಗಿದೆಯೇ ಎಂದು ತಾನೇ ಕಚ್ಚಿ, ಎಳೆದು ನೋಡಿದಳು.