ಕಂಪ್ಯೂಟರ್ ಹೆಂಗೈತಿ?

"ಒದ್ದಿ ಕೈಲೆ ಅದನ್ನ ಮುಟ್ಟಬ್ಯಾಡ."

ಮದುವೆಯಾಗಿ ಜುಗೂಳಕ್ಕೆ ಬಂದ ಚಂದ್ರಮತಿಗೆ ಗಂಡ ರಾಜಾರಾಮ ಆಡಿದ ಮೊದಲ ಮಾತು ಇದು.

ಪಾಪ, ಅವಳೇನು ಮಾಡಿದ್ದಳು? ಪಾತ್ರೆ ತೊಳೆದು ಬಂದವಳು ನಡುಮನೆಯ ಕಪಾಟಿನಲ್ಲಿದ್ದ ಬಿಳಿ ಪೆಟ್ಟಿಗೆಯತ್ತ ಒದ್ದೆ ಕೈ ಚಾಚಿದ್ದಳು, ಅಷ್ಟೇ. ಅವನು ಧಡಕ್ಕನೆ ಎದ್ದು ಅವಳ ಕೈ ಹಿಡಿದು ಹಿಂದಕ್ಕೆಳೆದ. ಹೊಸ ಹಸಿರು ಬಳೆಯೊಂದು ಒಡೆದು ಬಿತ್ತು...

ಅವನ ಮುಖ ಬಿಳಿಚಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ತಾಯಿ ಗೌರಾಬಾಯಿ ಒಳಗೆ ಬಂದದ್ದು ಕಂಡು, ಕೈ ಬಿಟ್ಟು ಹೊರಗೆ ನಡೆದ.

'ಮೊದಲನೇ ಸಲ ನನ್ನ ಕೈ ಹಿಡದದ್ದು ಒಂದು ಮಿಷಿನ್ ಉಳಸಾಕ...' ಚಂದ್ರಮತಿ ಬಳೆಚೂರು ಆರಿಸುತ್ತಾ ಅಂದುಕೊಂಡಳು. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಅದು ತೊಂಬತ್ತಾರನೇ ಇಸವಿ. ರಾಜಾರಾಮ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದ. ಅವರು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಇವನು ಕೊಂಡುಕೊಂಡ. ಮುಂದೊಂದು ದಿನ ಕಾಗವಾಡದಲ್ಲಿ ಕಂಪ್ಯೂಟರ್ ಕ್ಲಾಸ್ ತೆರೆಯುವ ಕನಸು. ಆದರೆ ನಿಪ್ಪಾಣಿಯಲ್ಲಿ ಅವನಿದ್ದದ್ದು ಗೆಳೆಯರೊಂದಿಗೆ ಹಂಚಿಕೊಂಡ ಖೋಲಿ. ಕುಡಿಯುವ ಚಹಾದ ಮೇಲೂ ತಂಬಾಕಿನ ಧೂಳು ಕೂರುವ ಜಾಗ. ಹೆಂಡತಿಗೂ ಅಲ್ಲಿ ಎಡೆಯಿಲ್ಲ, ಕಂಪ್ಯೂಟರಿಗೂ ಇಲ್ಲ. ಹಾಗಾಗಿ ಎರಡೂ ಜುಗೂಳದಲ್ಲಿ ಉಳಿದವು.

ಜುಗೂಳದ ಮನೆಯೋ, ಕೃಷ್ಣೆಯ ದಂಡೆಯ ಮನೆ. ಮಳೆಗಾಲ ಬಂತೆಂದರೆ ಗೋಡೆ ಬೆವರುತ್ತದೆ, ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ, ಕಡ್ಡಿ ಗೀರಿದರೆ ಹತ್ತುವುದಿಲ್ಲ.

ಹೊರಡುವ ಮುನ್ನ ರಾಜಾರಾಮ ಅವಳಿಗೆ ಎಲ್ಲ ತೋರಿಸಿಕೊಟ್ಟ. "ದಿನಾ ಸ್ವಲ್ಪ ಹೊತ್ತು ಚಾಲೂ ಮಾಡು. ಅದರ ಕಾವಿಗೆ ಅದ ಒಣಗತೈತಿ. ಬಂದ್ ಮಾಡಿದ ಮ್ಯಾಲೆ ಕಪಾಟಿನಾಗ ಈ ಬಲ್ಬ್ ಹಚ್ಚು. ಗ್ವಾಡಿಗೆ ತಾಗಸಬ್ಯಾಡ. ಮ್ಯಾಲೆ ತೆಳ್ಳನ ಅರಬಿ ಅಷ್ಟ ಹೊಚ್ಚು."

"ನನಗೂ ತೋರ್ಸೋ, ಆಕಿ ತವರಿಗೆ ಹೋದಾಗ ನಾ ಹಚ್ತೀನಿ," ಎಂದಳು ಗೌರಾಬಾಯಿ.

"ಬ್ಯಾಡವ್ವ. ಆಕಿ ಒಬ್ಬಾಕಿಗೆ ಗೊತ್ತಿದ್ರ ಸಾಕು."

'ಚಲೋ ಆತು. ತವರಿಗೆ ಹೋಗೂ ಹಾದಿನೂ ಬಂದ್ ಆತು,' ಎಂದುಕೊಂಡಳು ಚಂದ್ರಮತಿ.

ಫೋನ್ ಇದ್ದದ್ದು ಎದುರುಮನೆಯ ಬಾಬಾಸಾಹೇಬ ಕಾಕಾನ ಪಡಸಾಲೆಯಲ್ಲಿ. ಅಲ್ಲಿ ಯಾವಾಗಲೂ ನಾಲ್ಕು ಮಂದಿ ಹಿರಿಯರು ಎಲೆಅಡಿಕೆ ಹಾಕುತ್ತಾ ಕೂತಿರುತ್ತಿದ್ದರು. ಊರು ಬಿಟ್ಟ ಗಂಡಸು ಫೋನ್ ಮಾಡಿದರೆ ತಾಯಿಯ ಮೊಣಕಾಲು ನೋವು ಕೇಳಬಹುದು, ಎಮ್ಮೆ ಈದಿತೋ ಎಂದು ಕೇಳಬಹುದು, ಹೊಳೆಯ ನೀರು ಎಲ್ಲಿಗೆ ಬಂತೆಂದು ಕೇಳಬಹುದು. ಹೆಂಡತಿಯನ್ನು ಕೇಳುವುದು ಮಾತ್ರ ಆ ಓಣಿಯಲ್ಲಿ ನಡೆದು ಬಂದದ್ದಲ್ಲ. ಸೊಸೆಯಂದಿರು ಆ ಪಡಸಾಲೆ ಹತ್ತುವುದೂ ಇರಲಿಲ್ಲ.

ಚಂದ್ರಮತಿಗೆ ಮಾತ್ರ ಕರೆ ಬರುತ್ತಿತ್ತು. "ಏ ಚಂದ್ರವ್ವ, ಬಾ ಬೇ. ನಿನ್ನ ಗಂಡ ಕಂಪ್ಯೂಟರ್ ಸುದ್ದಿ ಕೇಳಾಕತ್ತಾನ."

ಅವಳು ಸೆರಗು ತಲೆಗೆಳೆದುಕೊಂಡು ಓಡುತ್ತಿದ್ದಳು.

"ಕಂಪ್ಯೂಟರ್ ಹೆಂಗೈತಿ?"

"ಚಲೋ ಐತ್ರಿ."

"ಬಲ್ಬ್ ಹತ್ತಾಕತ್ತೈತಿ?"

"ಹೌದ್ರಿ."

"ಥಂಡಿ ಹಿಡದಿಲ್ಲಲ್ಲ?"

"ಇಲ್ರಿ..."

ಆಮೇಲೆ ಇಬ್ಬರೂ ಸುಮ್ಮನೆ. ಯಾರೂ ಫೋನ್ ಇಡುತ್ತಿರಲಿಲ್ಲ. ಕೊನೆಗೆ ಬಾಬಾಸಾಹೇಬ ಕಾಕಾ ಕೆಮ್ಮುತ್ತಿದ್ದ, ಅವಳು ಇಟ್ಟುಬಿಡುತ್ತಿದ್ದಳು.

'ಒಂದ್ ಸಲ... ನೀ ಹೆಂಗದಿ ಅಂತ ಕೇಳಿದ್ರ ಇವರ ನಾಲಿಗಿ ಸವೀತಿತ್ತೇನು?'

ಅವಳಿಗೆ ಬೇಕಾಗಿದ್ದದ್ದು ಅದೊಂದೇ ಮಾತು. ಅತ್ತೆ ಕೆಟ್ಟವಳಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಲು ಕರೆಯುತ್ತಿದ್ದಳು. ಆದರೆ ಆ ಊರಿನಲ್ಲಿ ಅವಳನ್ನು ಹೇಗಿದ್ದೀ ಎಂದು ಕೇಳುವವರು ಯಾರೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಅವಳು ಕಪಾಟಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅವಳು ಮಲಗುತ್ತಿದ್ದ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಹಾಸಿಗೆಯೂ ಹಸಿ. ಮನೆಗೆಲ್ಲ ಬೆಚ್ಚಗಿದ್ದದ್ದು ಈ ಕಪಾಟೊಂದೇ.

"ನಿನ್ನ ಪುಣ್ಯಾನ ಪುಣ್ಯಾ," ಎಂದು ಆ ಪೆಟ್ಟಿಗೆಗೆ ಹೇಳುತ್ತಿದ್ದಳು. "ನಿನ್ನ ಕೇಳಾವ್ರು ಅದಾರ."

ಆಷಾಢದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹೊಳೆ ಕಬ್ಬಿನ ಗದ್ದೆಗೆ ನುಗ್ಗಿತು. ಕರೆಂಟ್ ಹೋಯಿತು, ಬಲ್ಬ್ ಆರಿತು. ಕಪಾಟಿನ ಬಾಗಿಲು ಮುಟ್ಟಿದರೆ ತಣ್ಣಗೆ ಅಂಟುತ್ತಿತ್ತು. ಚಂದ್ರಮತಿ ಮತ್ತೆ ಮತ್ತೆ ಹೋಗಿ ಮುಟ್ಟಿ ನೋಡಿದಳು. ಇದು ಹಾಳಾದರೆ ಅವರು ಏನೆಂದಾರು? ತನ್ನನ್ನು ಯಾಕೆ ಇಟ್ಟುಕೊಂಡಾರು?

ಒಂದು ಮಧ್ಯಾಹ್ನ ಕರೆಂಟ್ ಬಂತು. ಅವಳು ಕಂಪ್ಯೂಟರನ್ನು ಬಹಳ ಹೊತ್ತು ಚಾಲೂ ಇಟ್ಟಳು. ಮತ್ತೆ ಕರೆಂಟ್ ಹೋಯಿತು. ಆಗ ಅವಳಿಗೆ ತವರುಮನೆ ಕರೋಶಿಯ ಬೆಲ್ಲ ನೆನಪಾಯಿತು. ಮಳೆಗಾಲದಲ್ಲಿ ಬೆಲ್ಲ ಕರಗಬಾರದೆಂದು ಅವಳ ಅವ್ವ ಅಚ್ಚುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಹಗ್ಗ ಬಿಗಿಯುತ್ತಿದ್ದಳು. ಗಾಳಿ ಆಡದಿದ್ದರೆ ಬೆಲ್ಲ ಬೇಸಿಗೆಯವರೆಗೂ ಗಟ್ಟಿ.

ಇನ್ನೂ ಬಿಸಿಯಿದ್ದ ಕಂಪ್ಯೂಟರಿಗೆ ಅವಳು ಹಾಗೆಯೇ ಪ್ಲಾಸ್ಟಿಕ್ ಸುತ್ತಿದಳು. ಕಂಬಳಿ ಹೊದಿಸಿದಳು. ಹಗ್ಗ ಬಿಗಿದಳು.

ಮರುದಿನ ಬಿಚ್ಚಿದರೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿರುವಂತೆ ಒಳಗೆಲ್ಲ ನೀರ ಹನಿ! ಗಾಬರಿಯಲ್ಲಿ ಒರೆಸಿದಳು. ಕರೆಂಟ್ ಬಂದೊಡನೆ ಗುಂಡಿ ಒತ್ತಿದಳು. ಚಟ್ ಎಂದಿತು, ಸುಟ್ಟ ವಾಸನೆ ಬಂತು. ಪರದೆ ಕಪ್ಪಗೆ ಉಳಿಯಿತು.

ಅಂದು ಸಂಜೆಯೇ ಫೋನ್ ಬಂತು.

"ಕಂಪ್ಯೂಟರ್ ಹೆಂಗೈತಿ?"

"ಚ... ಚಲೋ ಐತ್ರಿ."

ಇನ್ನೊಂದು ಮಾತಿಗೂ ಕಾಯದೆ ಅವಳು ಫೋನ್ ಇಟ್ಟುಬಿಟ್ಟಳು.

ಮರುದಿನ ಮಧ್ಯಾಹ್ನ ರಾಜಾರಾಮ ಬಾಗಿಲಲ್ಲಿ ನಿಂತಿದ್ದ. ರಸ್ತೆಗೆ ನೀರು ಬಂದು ಬಸ್ಸು ಅರ್ಧಕ್ಕೇ ನಿಂತಿತ್ತಂತೆ. ಮೊಣಕಾಲತನಕ ಕೆಸರು. ಚಂದ್ರಮತಿ ಅವನ ಮುಖವನ್ನೂ ನೋಡಲಿಲ್ಲ.

"ನಾ ನಿನ್ನೆ ಸುಳ್ಳ ಹೇಳ್ದೆ. ಅದು ಸತ್ತೈತ್ರಿ. ನಾನ ಕೊಂದೆ. ನನ್ನ ಕರೋಶಿಗೆ ಬಿಟ್ ಬರ್ರಿ..."

ಅವನು ಕಪಾಟಿನತ್ತ ತಿರುಗಲಿಲ್ಲ. ಅವಳ ಹಣೆ ಮುಟ್ಟಿದ.

"ಜ್ವರ ಬಂದಾವಲ್ಲ. ಯಾವಾಗಿಂದ?"

"ಅದನ್ನ ನೋಡ್ರಿ ಮೊದಲ."

"ಅದನ್ನ ನೋಡಾಕ ಬಂದಿಲ್ಲ. ನಿನ್ನೆ ನಿನ್ನ ದನಿ ಕೇಳಿ ರಾತ್ರಿ ಕಣ್ಣ ಮುಚ್ಚಲಿಲ್ಲ. ಅದಕ್ಕ ಬಂದೆ."

ಅವಳೊಳಗಿನ ಮುಳ್ಳು ಆಗ ಹೊರಬಂತು. "ಸುಳ್ಳ ಯಾಕ್ರಿ? ಮೊದಲನೇ ದಿನಾನ ಅದರ ಸಲುವಾಗಿ ನನ್ನ ಹಸರ ಬಳಿ ಒಡದ್ರಿ."

"ಅದರ ಸಲುವಾಗಿ?" ಅವನು ದಿಗಿಲಾಗಿ ಅವಳನ್ನೇ ನೋಡಿದ. "ಥಂಡಿ ಹಿಡದಾಗ ಅದು ಶಾಕ್ ಹೊಡಿತಿತ್ತು. ಹಿಂದಿನ ದಿನಾ ನನಗ ಹೊಡದಿತ್ತು. ನಿನ್ನ ಕೈ ಒದ್ದಿ ಇತ್ತು, ನನ್ನ ಜೀವಾನ ಹೋದಂಗಾತು. ಅರ್ಥಿಂಗ್ ಹಾಕಿಸಿದ ಮ್ಯಾಲೆ ನಿನಗ ಮುಟ್ಟಾಕ ಕೊಟ್ಟೆ."

"ಹೇಳಬಾರದಿತ್ತೇನ್ರಿ..."

"ಹೊಸ ಮದುಮಗಳ ಬಳಿ ಒಡದೈತಿ, ಅದರಾಗ ಶಾಕ್ ಅಂದಿದ್ರ ಅವ್ವ ಅಪಶಕುನ ಅಂತಿದ್ಲು. ಸುಮ್ಮನಾದೆ."

ಅವನು ಕೆಸರುಗಾಲಲ್ಲೇ ಹೊಸ್ತಿಲ ಮೇಲೆ ಕೂತ.

"ಸತ್ತೈತಿ ಅಂತ ನೀ ಅಂದಾಗ ನನಗ ಒಂದ ಹೆದರಿಕಿ ಆತು."

"ಏನ್ರಿ?"

"ಇನ್ನ ನಿನ್ನ ಫೋನಿಗೆ ಕರಸಾಕ ಏನ್ ನೆವಾ ಹೇಳ್ಲಿ ಅಂತ."

ಚಂದ್ರಮತಿಗೆ ಅವನ ಹಳೆಯ ಮಾತು ನೆನಪಾಯಿತು. ಆಕಿ ಒಬ್ಬಾಕಿಗೆ ಗೊತ್ತಿದ್ರ ಸಾಕು, ಎಂದಿದ್ದ. ಬೇರೆ ಯಾರಿಗೂ ಕಲಿಸಿರಲಿಲ್ಲ. ಅವಳೇ ಫೋನಿಗೆ ಬರಬೇಕೆಂದು! ಅಷ್ಟು ದಿನ ಅವಳು ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಮೇಲಿನ ಪ್ರೀತಿಗೇ.

ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ನೆವಾ ಯಾಕ ಬೇಕ್ರಿ? ನಾ ನಿಮ್ಮ ಹೆಂಡ್ತಿ ಅಲ್ಲೇನು? ನೀವು ಅದನ್ನ ಅಷ್ಟ ಕೇಳ್ತಿದ್ರಿ, ನಾ ಒಬ್ಬಾಕಿ ಇಲ್ಲಿ ಅಳತಿದ್ನಿ..."

ರಾಜಾರಾಮ ಎದ್ದು ಹೋಗಿ ಸತ್ತ ಕಂಪ್ಯೂಟರನ್ನು ಎತ್ತಿ ಹಸಿ ಕೋಣೆಯಲ್ಲಿಟ್ಟ. ಅವಳ ಹಾಸಿಗೆಯನ್ನು ತಂದು ನಡುಮನೆಯಲ್ಲಿ, ಬಲ್ಬಿನ ಹತ್ತಿರ ಹಾಸಿದ. ಅಡುಗೆಮನೆಯಿಂದ ಎಲ್ಲ ನೋಡುತ್ತಿದ್ದ ಗೌರಾಬಾಯಿ ಕಷಾಯಕ್ಕೆ ನೀರಿಟ್ಟಳು.

ಜ್ವರ ಇಳಿದ ಮೇಲೆ ಅವನು ನಿಪ್ಪಾಣಿಗೆ ಹೋದ. ಮನೆ ಮತ್ತೆ ಖಾಲಿಯಾಯಿತು. ಇನ್ನು ಫೋನ್ ಬರುತ್ತದೋ ಇಲ್ಲವೋ ಎಂದು ಚಂದ್ರಮತಿ ಎದುರುಮನೆಯ ಕಡೆಗೇ ಕಿವಿಯಿಟ್ಟು ಕೂತಳು.

ಸಂಜೆ ಬಾಬಾಸಾಹೇಬ ಕಾಕಾನ ದನಿ ಕೇಳಿಸಿತು. "ಚಂದ್ರವ್ವ, ಬಾ ಬೇ."

ಪಡಸಾಲೆಯಲ್ಲಿ ಹಿರಿಯರೆಲ್ಲ ಎಲೆಅಡಿಕೆ ಮೆಲ್ಲುವುದನ್ನೂ ಮರೆತು ಕೂತಿದ್ದರು. ಕಾಕಾ ಫೋನ್ ಅವಳ ಕೈಗಿಟ್ಟು, ಮುಖ ಕಿಟಕಿಯತ್ತ ತಿರುಗಿಸಿದ. "ಹಿಡಿ. ಕಂಪ್ಯೂಟರ್ ಸುದ್ದಿ ಬ್ಯಾಡಂತ ಅವಗ. ಹೆಂಡ್ತಿನ್ನ ಕರೀರಿ ಅಂದ."

ಅವಳು ಫೋನ್ ಕಿವಿಗಿಟ್ಟುಕೊಂಡಳು.

"ಚಂದ್ರಾ... ನೀ ಹೆಂಗದಿ?"

ಎಷ್ಟೋ ದಿನದಿಂದ ಕಾದಿದ್ದ ಮಾತು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡಳು.

"ಯಾಕ, ಮಾತಾಡವಲ್ಲಿ?"

"ಯಾರೂ ಕೇಳಿರಲಿಲ್ರಿ... ಏನ್ ಹೇಳ್ಬೇಕೋ ತಿಳಿವಲ್ದು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಮ್ಮೆ ಕೇಳ್ರಿ."

ಅವನು ಇನ್ನೊಮ್ಮೆ ಕೇಳಿದ.