ಮೊಳೆ ಹೊಡೆದೋನು ನಡೀಬೇಕು

"ಅಕ್ರಂ ಬಸ್ಸಿಗೆ ಸೇರ್ಕಂಬುಟ್ನಂತೆ ಕಣೆ ಶಮೀಮು. ಇದ್ಲು ಒಲೆಗೆ ಗಾಳಿ ತಿರುಗ್ಸೋ ಕೆಲ್ಸ. ಮೈಯೆಲ್ಲ ಕರ್ರಗೆ, ನಾನೇ ನೋಡ್ದೆ."

ಮೊಸರು ಮಾರೋ ಚಿಕ್ಕಬೋರಮ್ಮ ಬಾಗ್ಲಲ್ಲೇ ನಿಂತು ಹೇಳಿದ್ಲು. ಶಮೀಮ್ ಬಾನು ಹಿಡಿದಿದ್ದ ಪಾತ್ರೆ ತುಂಬಿ ಮೊಸರು ಕೈ ಮೇಲೆ ಇಳೀತಿತ್ತು, ಅವಳಿಗೆ ಗೊತ್ತಾಗ್ಲಿಲ್ಲ.

"ಯಾವ ಅಕ್ರಂ?" ಅಂದ್ಲು.

"ಅಯ್ ಬುಡು. ಮಳವಳ್ಳಿಲಿ ನಿಂಗೆ ಎಷ್ಟ್ ಜನ ಅಕ್ರಂ ಗೊತ್ತವ್ರೆ? ನಿಮ್ಮಪ್ಪನ್ ತಾವ ಲಾಳ ಕಟ್ತಿದ್ದೋನು. ನೀನು ಕಿಟಕಿ ಒರ್ಸೋ ನೆಪದಲ್ಲಿ ನೋಡ್ತಿದ್ಯಲ್ಲ, ಅವ್ನು."

ಬೇರೆ ದಿನ ಆಗಿದ್ರೆ ಶಮೀಮ್ ಅವಳ ತೋಳಿಗೆ ಚಿವುಟಿರೋಳು. ಇವತ್ತು ಸುಮ್ನೆ ಒಳಗೆ ಹೋದ್ಲು.

ಅವಳ ಅಬ್ಬಾ ನಜೀರ್ ಅಹ್ಮದ್ ಸಂತೆಮಾಳದ ಹುಣಸೆಮರದ ಕೆಳಗೆ ಎತ್ತಿಗೆ ಲಾಳ ಕಟ್ತಿದ್ರು. ಅದು ಯುದ್ಧದ ಕಾಲ. ಪೆಟ್ರೋಲ್ ಸಿಗ್ದೆ ಬಸ್ಸೆಲ್ಲ ಇದ್ದಿಲ ಹೊಗೇಲಿ ಓಡ್ತಿದ್ವು. ಗಾಡಿ ಕಟ್ಟೋರು ಜಾಸ್ತಿ ಆಗಿದ್ರು, ಲಾಳದ ಕೆಲಸಾನೂ ಜಾಸ್ತಿ ಆಗಿತ್ತು.

ಆ ಕೆಲಸದಲ್ಲಿ ವಯಸ್ಸಿಗೊಂದು ಜಾಗ. ಚಿಕ್ಕೋನಾಗಿ ಬಂದೋನು ಮಲಗಿಸಿದ ಎತ್ತಿನ ತಲೆ ಹಿಡ್ಕೊಂಡು, ಅದರ ಕಿವೀಲಿ ಮಾತಾಡ್ತಾ ಕೂರ್ತಾನೆ. ಮೈಗೆ ಬಲ ಬಂದ್ಮೇಲೆ ಕಾಲಿಗೆ ಹಗ್ಗ ಹಾಕ್ತಾನೆ. ಆಮೇಲೆ ಉಳಿ ತಗೊಂಡು ಗೊರಸು ಹೆರೀತಾನೆ. ಕೊನೇಗೆ ಸುತ್ತಿಗೆ. ಅಕ್ರಂ ಪಾಷಾ ಇಷ್ಟೂ ಜಾಗ ದಾಟಿ ಬಂದಿದ್ದ. ಈಗೀಗ ಒಂದು ಎತ್ತಿಗೆ ಅಬ್ಬಾ ಮೊಳೆ ಹೊಡೆದ್ರೆ ಇನ್ನೊಂದಕ್ಕೆ ಅವನು.

ಒಂದು ಕಟ್ಟಳೆ ಇತ್ತು. ಮೊಳೆ ಹೊಡೆದೋನು ಆ ಎತ್ತಿನ ಜೊತೆ ಕೆರೆ ಏರಿ ತನಕ ನಡೀಬೇಕು. ಕುಂಟಿದ್ರೆ ಜವಾಬ್ದಾರಿ ಅವನದು.

ಹೋದ ಸಂತೇಲಿ ಹಲಗೂರಿನ ಮರಿಸಿದ್ದಯ್ಯ ಎತ್ತನ್ನ ಬಿಟ್ಟು ಹೊಗೆಸೊಪ್ಪು ತರೋಕೆ ಹೋಗಿದ್ದ. ಶಮೀಮ್ ಊಟ ತಗೊಂಡು ಬಂದಿದ್ಲು. ಅಬ್ಬಾ ಸುತ್ತಿಗೆ ಎತ್ತಿದ್ರು. ಕೈ ನಡುಗ್ತು. ಮೊಳೆ ಸೊಟ್ಟಗೆ ಹೋಗಿ ಹಸಿ ಮಾಂಸಕ್ಕೆ ತಾಕ್ತು.

ಅಕ್ರಂ ತಲೆ ಎತ್ತಿ ಅವಳನ್ನ ನೋಡ್ದ. ಯಾವಾಗ್ಲೂ ಕಣ್ಣಂಚಲ್ಲಿ ನಗೋ ಹುಡುಗ. ಅವತ್ತು ಆ ಕಣ್ಣು ಬೇಡಿಕೊಂಡ ಹಾಗಿತ್ತು, ಏನೂ ಹೇಳ್ಬೇಡ ಅಂತ.

ಎತ್ತು ಎದ್ದು ಕುಂಟ್ತು. ಮರಿಸಿದ್ದಯ್ಯ ಓಡಿ ಬಂದು, "ಯಾವನ್ಲಾ ಒಡ್ದಿದ್ದು?" ಅಂದ. ಅಬ್ಬಾ ಬಾಯಿ ಬಿಡ್ಲಿಲ್ಲ. ಅಕ್ರಂ ಹಗ್ಗ ಹಿಡ್ಕೊಂಡು ಎತ್ತಿನ ಪಕ್ಕ ನಡೆದ. ನಾನು ಅಂತ ಅವನೂ ಹೇಳ್ಲಿಲ್ಲ. ನಡೆದ, ಅಷ್ಟೇ. ಸಂತೆಗೆಲ್ಲ ಅಷ್ಟು ಸಾಕಾಯ್ತು.

ಆಮೇಲೆ ಅವನ ಕೈಗೆ ಯಾರೂ ಎತ್ತು ಕೊಡ್ಲಿಲ್ಲ. ಅವನದೂ ಶಮೀಮ್‌ದೂ ನಿಕಾಹ್ ಮಾತು ಎತ್ತಿದ್ದ ಅವಳ ಪುಪ್ಪು, ಅಂದ್ರೆ ಸೋದರತ್ತೆ ಸುಲ್ತಾನ್ ಬೀನೇ, "ಎತ್ತಿನ ಕಾಲ್ ಕೆಡಿಸಿದೋನು ಹೆಂಡ್ತೀನ ಹೆಂಗೆ ಸಾಕ್ತಾನೆ? ಆ ಮಾತು ಬಿಟ್ಬಿಡಿ" ಅಂದ್ಬಿಟ್ರು.

*

ಮಾರನೇ ದಿನ ಬೆಳಗಿನ ಜಾವ ಶಮೀಮ್ ಬಸ್ ನಿಲ್ಲೋ ಜಾಗದ ಬಾವಿಗೆ ಹೋದ್ಲು. ಬಸ್ಸಿನ ಹಿಂದೆ ಕಟ್ಟಿದ್ದ ಕಬ್ಬಿಣದ ಡ್ರಮ್ಮಲ್ಲಿ ಇದ್ದಿಲು ಉರೀತಿತ್ತು. ಅಕ್ರಂ ಅದಕ್ಕೆ ಗಾಳಿ ಊದೋ ಚಕ್ರದ ಹಿಡಿ ತಿರುಗಿಸ್ತಾ ಇದ್ದ. ಹಣೆ, ಮೂಗು, ಕುತ್ತಿಗೆ ಎಲ್ಲಾ ಮಸಿ. ಕಣ್ಣು ಮಾತ್ರ ಅವನದೇ.

ಅವಳನ್ನ ಕಂಡು ತಿರುಗಿಸೋ ಕೈ ನಿಂತ್ಹೋಯ್ತು.

"ನಿಲ್ಲಿಸ್ಬೇಡ, ಆರಿಹೋಗುತ್ತೆ," ಅಂದ್ಲು.

ಅವನು ಮತ್ತೆ ತಿರುಗಿಸ್ದ. "ಇಷ್ಟ್ ದೂರದ ಬಾವಿಗ್ ಯಾಕ್ ಬಂದೆ?"

"ಇಲ್ಲಿ ನೀರು ಸಿಹಿ."

"ಸುಳ್ಳು. ಉಪ್ಪು."

"ನಂಗೆ ಉಪ್ಪೇ ಸೇರುತ್ತೆ. ನಿಂಗೇನು?"

ಅವನ ತುಟಿ ಸ್ವಲ್ಪ ಅಲ್ಲಾಡ್ತು. ಅವಳಿಗೆ ನಗು ಬರ್ಲಿಲ್ಲ. ಆ ಕೈನೇ ನೋಡ್ತಿದ್ಲು. ಒಂದೇ ಏಟಿಗೆ ಮೊಳೆ ಕೂರಿಸೋ ಕೈ ಈಗ ಹೊಸಬನ ಥರ ಒಂದ್ಸಲ ಜೋರಾಗಿ, ಒಂದ್ಸಲ ಮೆಲ್ಲಗೆ ತಿರುಗಿಸ್ತಿತ್ತು. ಡ್ರೈವರ್ ಒಳಗಿಂದ, "ಒಂದೇ ಸಮ ತಿರುಗ್ಸೋ ಲೇ, ಅದೂ ಬರಲ್ವಾ ನಿಂಗೆ?" ಅಂತ ಕೂಗ್ದ.

"ಮೊದ್ಲಿಂದ ಶುರು ಮಾಡ್ಬೇಕಾ?" ಅಂದ್ಲು.

"ಹೂಂ. ಇದು ಬಂದ್ರೆ ಕ್ಲೀನರ್ರು. ಆಮೇಲೆ ಯಾವತ್ತೋ ಸ್ಟೇರಿಂಗು."

"ಯಾಕ್ ಮಾಡ್ದೆ ಅಕ್ರಂ?"

ಅವನು ಬೆಂಕಿ ನೋಡ್ತಾ ಹೇಳ್ದ. "ನಾನ್ ನಡೀದೇ ಇದ್ದಿದ್ರೆ ಅವ್ರು ನಡೀಬೇಕಿತ್ತು. ಇಡೀ ಸಂತೆ ನೋಡೋದು. ನಂಗೆ ವಯಸ್ಸಿದೆ, ಇನ್ನೊಂದ್ ಕೆಲ್ಸ ಕಲೀತೀನಿ. ಅವ್ರು ಈಗ ಏನ್ ಕಲೀತಾರೆ?"

"ಮತ್ತೆ ನಾನು?"

ಅವನು ಡ್ರಮ್ಮಿಗೆ ಇನ್ನೊಂದು ಬೊಗಸೆ ಇದ್ದಿಲು ಸುರಿದ.

"ನಿನ್ನ ಬಿಟ್ಟು ಲೆಕ್ಕ ಹಾಕ್ಬುಟ್ಟೆ," ಅಂದ. "ನಿನ್ನ ಸೇರ್ಸಿದ್ರೆ ನಂಗೆ ನಡಿಯೋಕ್ಕೆ ಆಗ್ತಿರ್ಲಿಲ್ಲ."

ಶಮೀಮ್ ಸೆರಗು ಎಳ್ಕೊಂಡ್ಲು. "ಅಬ್ಬಂಗೆ ಹೇಳ್ತೀನಿ."

"ಹೇಳ್ಬೇಡ. ನಿನ್ ಬಾಯಿಂದ ಕೇಳಿದ್ರೆ ಅವ್ರು ಸುತ್ತಿಗೆ ಕಡೆ ತಿರುಗೂ ನೋಡಲ್ಲ."

ಬಸ್ಸು ಗುರ್ ಅಂತು. ಅವನು ಹತ್ತಿದ. ಅವಳು ಕೊಡ ತುಂಬಿಸೋದನ್ನೇ ಮರೆತು ವಾಪಸ್ ಬಂದ್ಲು.

*

ಮಧ್ಯಾಹ್ನ ಅಬ್ಬಾ ಹಿತ್ತಲಲ್ಲಿ ಕೂತು ಮೊಳೆ ತುದಿ ಮಸೀತಿದ್ರು. ಕೈ ನಡುಗಿ ಮೊಳೆ ಕೆಳಗೆ ಬೀಳೋದು, ಎತ್ಕೊಳ್ಳೋರು, ಮತ್ತೆ ಬೀಳೋದು. ಶಮೀಮ್ ಪಕ್ಕದಲ್ಲಿ ಕೂತು ಬಿದ್ದಿದ್ದನ್ನ ಎತ್ತಿ ಎತ್ತಿ ಕೊಟ್ಲು.

"ನೀನೂ ಅವನ ಹಾಗೇ ಸುಮ್ನಿರ್ತೀಯಾ ಬೇಟಿ?" ಅಂದ್ರು ಅಬ್ಬಾ.

ಅವಳು ತಲೆ ಎತ್ತಿದ್ಲು.

"ಮೊಳೆ ಸರಿಯಾಗ್ ಹೋದ್ರೆ ಒಂದು ಸದ್ದು, ತಪ್ಪಿದ್ರೆ ಒಂದು ಸದ್ದು. ಕೈ ಮರೆತಿದ್ರೂ ಕಿವಿ ಮರೆತಿಲ್ಲ. ಅವನು ಹಗ್ಗ ಹಿಡಿದಾಗ ಕೂಗ್ಬೇಕಿತ್ತು ನಾನು. ಕೂಗ್ಲಿಲ್ಲ." ಅವರು ಮೊಳೆ ಕೆಳಗಿಟ್ರು. "ಸದ್ಯ ಬಚಾವಾದೆ ಅನ್ನಿಸ್ತು. ನಾನು ಸಾಕಿದ ಹುಡುಗ ನನ್ ತಪ್ಪು ಹೊತ್ಕೊಂಡು ಹೋಗ್ತಾ ಇದ್ರೆ ನಂಗೆ ಸಮಾಧಾನ ಆಯ್ತು. ಅದು ನಿದ್ದೆ ಕೊಡ್ತಿಲ್ಲ."

ಶಮೀಮ್ ಅವರ ಕೈನ ತನ್ನ ಎರಡೂ ಕೈಯಲ್ಲಿ ಹಿಡ್ಕೊಂಡ್ಲು. ಹಿಡಿದ್ರೂ ನಡುಕ ನಿಲ್ಲಲಿಲ್ಲ.

"ಅಕ್ರಂದು ಆ ಹಲಗೂರ್ ಬಸ್ಸು ಎಷ್ಟೊತ್ತಿಗೆ?" ಅಂದ್ರು.

*

ಮಾರನೇ ದಿನ ಬೆಳಗ್ಗೆ ಆ ಬಸ್ಸಲ್ಲಿ ಹೋದ ಅಬ್ಬಾ ಸಾಯಂಕಾಲ ಬಂದ್ರು. ಅಕ್ರಂ ಅವರ ತೋಳು ಹಿಡಿದು ಮನೆ ತನಕ ಕರ್ಕೊಂಡು ಬಂದಿದ್ದ. ಶಮೀಮ್ ಬಾಗಿಲ ಪರದೆ ಹಿಂದೆ ನಿಂತ್ಲು. ಸುಲ್ತಾನ್ ಬೀ ಮುಖ ಗಂಟಿಕ್ಕೊಂಡು, "ಇವನ್ಯಾಕೆ ಇಲ್ಲಿ?" ಅಂದ್ರು.

"ಕೂತ್ಕೋ ಆಪಾ, ಹೇಳ್ತೀನಿ," ಅಂದ್ರು ಅಬ್ಬಾ. "ಹಲಗೂರಲ್ಲಿ ಬಸ್ ಇಳಿದು, ಅಲ್ಲಿದ್ದೋರ್ ಮುಂದೇನೇ ಮರಿಸಿದ್ದಯ್ಯಂಗೆ ಹೇಳ್ದೆ. ಮೊಳೆ ನಂದು ಅಂತ. ಬಾಯಿಗ್ ಬಂದಂಗೆ ಬೈದ. ಬೈಸ್ಕೊಂಡೆ. ಆಮೇಲೆ ಅವನೇ ಒಂದ್ ಚೊಂಬು ಮಜ್ಜಿಗೆ ಕೊಟ್ಟ. ಇವನು ಒಳಗೆ ಮುರಿದು ಉಳ್ಕೊಂಡಿದ್ದ ಮೊಳೆ ತುದಿ ಕಿತ್ತು, ಅರಿಶಿನ ತುಂಬಿ ಕಟ್ದ. ನಾನು ಎತ್ತಿನ ತಲೆ ಹಿಡ್ಕೊಂಡಿದ್ದೆ."

"ನೀನಾ? ತಲೆ?"

"ನಾನೇ. ಚೆನ್ನಾಗ್ ಹಿಡೀತೀನಿ ಇನ್ನೂ. ಎತ್ತು ಅಲ್ಲಾಡ್ಲಿಲ್ಲ." ಅಬ್ಬಾ ಅಕ್ರಂ ಹೆಗಲ ಮೇಲೆ ಕೈ ಇಟ್ರು. "ಇನ್ಮೇಲೆ ನನ್ ಜಾಗ ಅದೇ. ಸುತ್ತಿಗೆ ಇವನದು. ಬಸ್ಸೂ ಕಲೀಲಿ, ಸಂತೆ ದಿನ ಇಲ್ಲಿಗೆ ಬರ್ಲಿ."

ಸುಲ್ತಾನ್ ಬೀ ಎದ್ದು, ಅಕ್ರಂ ಮುಂದೆ ನೀರಿನ ಲೋಟ ಇಟ್ಟು, ತಮ್ಮ ನಜೀರ್‌ನ ಕರ್ಕೊಂಡು ಒಳಗೆ ಹೋದ್ರು.

ಪರದೆ ಈಚೆ ಅವಳು, ಆಚೆ ಅವನು.

"ಶಮೀಮು."

"ಹೇಳು."

"ಅವ್ರು ಬಸ್ಸಲ್ಲಿ ನನ್ನ ಪಕ್ಕಾನೇ ಕೂತಿದ್ರು. ಹಲಗೂರು ಬರೋ ತನಕ ಒಂದ್ ಮಾತಿಲ್ಲ. ಇಳಿಯೋ ಮುಂಚೆ, ಶಮೀಮ್‌ನ ಕೇಳೋಕ್ಕೆ ನಿಂಗೆ ಬಾಯಿಲ್ವಾ ಅಂದ್ರು."

ಪರದೆ ಅಂಚನ್ನ ಅವಳು ಬೆರಳಿಗೆ ಸುತ್ಕೊಂಡ್ಲು. "ಇದ್ಯಾ?"

"ಇವತ್ ಬಂತು. ಈ ಸಲದ ಲೆಕ್ಕದಲ್ಲಿ ಮೊದ್ಲು ನೀನು, ಆಮೇಲೆ ಮಿಕ್ಕಿದ್ದು. ಒಪ್ತೀಯಾ?"

ಅವಳು ಪರದೆ ಸ್ವಲ್ಪ ಸರಿಸಿದ್ಲು. ಅವನ ಕಣ್ಣು ಒದ್ದೆ ಇತ್ತು, ಮಸಿ ಮೇಲೆ ಎರಡು ಗೆರೆ ಇಳಿದಿತ್ತು. ಅದನ್ನ ನೋಡಿ ಅವಳಿಗೂ ತಡೀಲಿಕ್ಕೆ ಆಗ್ಲಿಲ್ಲ.

"ಒಪ್ದೆ," ಅಂದ್ಲು. "ಆದ್ರೆ ಪುಪ್ಪು ಹತ್ರ ನೀನೇ ಕೇಳ್ಬೇಕು, ಅಬ್ಬಾ ಅಲ್ಲ. ನಾಳೆ ಜುಹರ್ ನಮಾಜ್ ಮುಗಿದ್ಮೇಲೆ ನಿನ್ ಅಮ್ಮನ್ನ ಕರ್ಕೊಂಡು ಬಾ."

"ನಾಳೆ ಮಧ್ಯಾಹ್ನ ಬಸ್ಸಿದೆ."

"ಬಸ್ಸು ಕಾಯುತ್ತೆ."



"ಕಾಯ್ಲಿ," ಅಂದ. "ನಾಳೆ ಬತ್ತೀನಿ."